ಬಿಚ್ಚುವ ಮೊದಲು ಬರೆದಿಡಬೇಕಾದ ಲೆಕ್ಕ

ಲೆಕ್ಕಪರಿಶೋಧನೆಯ ವೃತ್ತಿಯಲ್ಲಿ ಇರುವವರಿಗೆ ಎರಡು ಖಾತೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡುವ ಅಭ್ಯಾಸ ತಾನಾಗಿಯೇ ಬಂದುಬಿಡುತ್ತದೆ. ಕಳೆದ ವರ್ಷ ಮಲೆನಾಡಿನ ಅಡಿಕೆ ವ್ಯಾಪಾರದ ಪಾಲುದಾರಿಕೆ ಸಂಸ್ಥೆಯೊಂದರ ಪುಸ್ತಕಗಳನ್ನು ಪರಿಶೀಲಿಸುತ್ತಿದ್ದಾಗ, ವಾಹನ ದುರಸ್ತಿ ಖಾತೆಯಲ್ಲಿ ಜೀಪೊಂದರ ಹೆಸರಿಗೆ 4,38,600 ರೂಪಾಯಿ ಖರ್ಚು ಬಿದ್ದಿರುವುದು ಕಣ್ಣಿಗೆ ಬಿತ್ತು. ಡೀಸೆಲ್ ಖಾತೆಯನ್ನು ತೆರೆದು ನೋಡಿದರೆ ಅದೇ ಜೀಪಿಗೆ ವರ್ಷವಿಡೀ ಒಂದು ಲೀಟರ್ ಡೀಸೆಲ್ ಕೂಡ ಹಾಕಿಸಿರಲಿಲ್ಲ. ಓಡದ ವಾಹನಕ್ಕೆ ನಾಲ್ಕು ಲಕ್ಷಕ್ಕೂ ಮಿಕ್ಕಿದ ದುರಸ್ತಿ ಹೇಗೆ ಸಾಧ್ಯವೆಂದು ಕೇಳಿದೆ. ಹಿರಿಯ ಪಾಲುದಾರರು ತಲೆ ತಗ್ಗಿಸಿದರು. ಕಿರಿಯ ಪಾಲುದಾರರು, ಅಂದರೆ ಅವರ ತಮ್ಮ, "ಅದನ್ನೇ ನಾನೂ ಕೇಳ್ತಾ ಇದ್ದೀನಿ ಸಾರ್, ಅಣ್ಣಯ್ಯ ಉತ್ತರ ಕೊಡ್ತಾ ಇಲ್ಲ" ಎಂದರು.

ಸಂಗತಿ ಇಷ್ಟೆ. ಅವರ ತೀರ್ಥರೂಪರು 1989ರಲ್ಲಿ ಕೊಂಡ ಮಹೀಂದ್ರ ಎಂ.ಎಂ. 540 ಜೀಪು ಮನೆಯಲ್ಲಿತ್ತು. ತಂದೆಯವರು 2021ರಲ್ಲಿ ಕಾಲವಾದ ಮೇಲೆ ಅದನ್ನು ಗುಜರಿಗೆ ಹಾಕಲು ಹಿರಿಯ ಮಗನಿಗೆ ಮನಸ್ಸಾಗಲಿಲ್ಲ. ಪರಿಚಯದ ಮೇಸ್ತ್ರಿಯೊಬ್ಬರು ಎರಡೂವರೆ ಲಕ್ಷದಲ್ಲಿ, ನಾಲ್ಕು ತಿಂಗಳಲ್ಲಿ ಹೊಸ ಗಾಡಿಯಂತೆ ಮಾಡಿಕೊಡುವುದಾಗಿ ಬಾಯಿಮಾತಿನಲ್ಲಿ ಒಪ್ಪಿದರು. ನಾನು ಹೋಗಿ ನೋಡುವ ಹೊತ್ತಿಗೆ ಕೆಲಸ ಆರಂಭವಾಗಿ ಒಂದೂವರೆ ವರ್ಷ ಕಳೆದಿತ್ತು. ಶೆಡ್ಡಿನಲ್ಲಿ ಚಾಸಿ ಕಲ್ಲುಗಳ ಮೇಲೆ ಕುಳಿತಿತ್ತು. ಬಾಡಿ ಗೋಡೆಗೆ ಒರಗಿತ್ತು, ಅದೂ ಕಡುಹಸಿರು ಬಣ್ಣ ಹೊಡೆಸಿಕೊಂಡು ಮಿರಮಿರನೆ. ಎಂಜಿನ್ ಒಂದು ಹಳೆಯ ಟೈರಿನ ಮೇಲೆ, ಗೇರ್‌ಬಾಕ್ಸು ಗೋಣಿಚೀಲದ ಒಳಗೆ. ಬೋಲ್ಟು ನಟ್ಟುಗಳೆಲ್ಲ ಎರಡು ಬಣ್ಣದ ಡಬ್ಬಗಳಲ್ಲಿ ಒಟ್ಟಾಗಿ ಬಿದ್ದಿದ್ದವು. ಮೇಸ್ತ್ರಿಗಳು ಬೇರೆ ಕೆಲಸ ಹಿಡಿದು ಮೂರು ತಿಂಗಳಾಗಿತ್ತು. ಇನ್ನು ಮೂರು ಲಕ್ಷವಾದರೂ ಬೇಕು ಎಂಬುದು ಅವರು ಹೋಗುವ ಮುನ್ನ ಹೇಳಿದ ಕೊನೆಯ ಮಾತು.

ತಮ್ಮನ ವಾದ ಸರಳವಾಗಿತ್ತು. ಸಂಸ್ಥೆಯಲ್ಲಿ ಇಬ್ಬರದೂ ಸಮಪಾಲು. ಆದ್ದರಿಂದ ಖರ್ಚಿನ ಅರ್ಧ, ಅಂದರೆ 2,19,300 ರೂಪಾಯಿ, ತನ್ನ ಜೇಬಿನಿಂದ ಹೋಗಿದೆ. ತನ್ನನ್ನು ಯಾರೂ ಕೇಳಲಿಲ್ಲ. ಸಂಸ್ಥೆಯು ಬ್ಯಾಂಕಿನ ಓವರ್‌ಡ್ರಾಫ್ಟ್ ಮೇಲೆ ನಡೆಯುತ್ತಿದ್ದು, ಬಡ್ಡಿಯನ್ನು ಶೇಕಡ 12 ಎಂದಿಟ್ಟುಕೊಂಡರೂ ಈ ಹಣಕ್ಕೆ ತಿಂಗಳಿಗೆ 4,386 ರೂಪಾಯಿ ಬಡ್ಡಿ ಬೀಳುತ್ತಿತ್ತು. ಅಡಿಕೆಯ ಹಂಗಾಮಿನಲ್ಲಿ ರೈತರಿಗೆ ಕೊಡಬೇಕಾದ ಹಣಕ್ಕೆ ತಡವಾಗಿದ್ದೂ ಉಂಟು. ಮೂವತ್ತು ವರ್ಷ ಒಂದೇ ಗಾದಿಯಲ್ಲಿ ಕುಳಿತ ಅಣ್ಣತಮ್ಮಂದಿರು ಪಾಲುದಾರಿಕೆಯ ವಿಸರ್ಜನಾ ಪತ್ರದ ಬಗ್ಗೆ ನನ್ನಲ್ಲಿ ವಿಚಾರಿಸುವ ಮಟ್ಟಕ್ಕೆ ಹೋಗಿದ್ದರು. ಒಂದು ಜೀಪಿಗಾಗಿ!

ಇದು ಒಂದು ಮನೆಯ ಕಥೆಯಾಗಿದ್ದರೆ ಈ ಪತ್ರಿಕೆಯ ಪುಟಗಳನ್ನು ತೆಗೆದುಕೊಳ್ಳುವ ಸಾಹಸ ಮಾಡುತ್ತಿರಲಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿ ತಿರುಗಾಡುವವರಿಗೆ ಇಂತಹ ಶೆಡ್ಡುಗಳು ಹೊಸತಲ್ಲ. ಸದಸ್ಯ ಮಿತ್ರರಲ್ಲಿ ಹಲವರಲ್ಲಿ ಒಂದು ಹಳೆಯ ಜೀಪು ಇದೆ, ಅಥವಾ ಅದನ್ನು ಪೂರ್ಣವಾಗಿ ಕಟ್ಟಿಸುವ ಆಸೆ ಇದೆ. ಇನ್ನು ಕೆಲವು ಸದಸ್ಯರು ಗ್ಯಾರೇಜು, ಲೇತು, ಬೋರಿಂಗ್, ಟಿಂಕರಿಂಗ್ ಕೆಲಸದವರೇ ಆಗಿದ್ದಾರೆ. ಆದುದರಿಂದ ಎರಡೂ ಪಕ್ಷಗಳಿಗೆ ಒಂದಿಷ್ಟು ನಿಷ್ಠುರವಾದರೂ ಸರಿ, ನನ್ನ ಅಭಿಪ್ರಾಯವನ್ನು ಹೇಳಬಯಸುತ್ತೇನೆ. ಹಳೆಯ ಜೀಪನ್ನು ಕಟ್ಟಿಸುವುದು ತಪ್ಪಲ್ಲ. ಅದನ್ನು ದುರಸ್ತಿ ಎಂದು ಕರೆದು, ದುರಸ್ತಿಯಂತೆ ಕಂತುಕಂತಾಗಿ ಹಣ ಸುರಿಯುವುದು ತಪ್ಪು. ಪೂರ್ಣ ಪುನರ್ನಿರ್ಮಾಣವೆಂಬುದು ಹೊಸ ಗೋದಾಮು ಕಟ್ಟಿಸಿದಂತೆ ಒಂದು ಬಂಡವಾಳ ಯೋಜನೆ. ಅದಕ್ಕೆ ಬೇಕಾದ ಎಲ್ಲ ಶಿಸ್ತೂ ಇದಕ್ಕೆ ಬೇಕು.

ಜೀಪಿನ ಮೇಲಿನ ಮಮತೆ ನನಗೆ ಅರ್ಥವಾಗದ್ದೇನೂ ಅಲ್ಲ. ಮುಂಬಯಿಯ ಮಹೀಂದ್ರ ಸಂಸ್ಥೆಯು ಅಮೆರಿಕದ ವಿಲ್ಲೀಸ್ ಜೀಪುಗಳನ್ನು 1940ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಜೋಡಿಸಲು ತೊಡಗಿದಂದಿನಿಂದ, ಮಳೆಗಾಲದಲ್ಲಿ ಬೇರೆ ವಾಹನಗಳು ಹೋಗದ ಕಡೆಗೆಲ್ಲ ಹೋದದ್ದು ಈ ಗಾಡಿ. ಕಾಫಿ ತೋಟದ ಸಾಹುಕಾರರಿಂದ ಹಿಡಿದು ಹೆರಿಗೆಗೆ ಹೊರಟ ಹೆಂಗಸಿನವರೆಗೆ ಎಲ್ಲರನ್ನೂ ಹೊತ್ತಿದೆ. ನನ್ನ ಬಿ.ಕಾಂ. ಪರೀಕ್ಷೆಯ ಶುಲ್ಕ ಕಟ್ಟಲು ನಾನು ಪೇಟೆಗೆ ಬಂದದ್ದೂ ಅಡಿಕೆ ಮೂಟೆಗಳ ಮೇಲೆ ಕುಳಿತು, ಇಂತಹುದೇ ಒಂದು ಜೀಪಿನಲ್ಲಿ. ಆದರೆ ಮಮತೆಗೆ ಲೆಕ್ಕಪುಸ್ತಕದಲ್ಲಿ ಬೇರೆಯದೇ ಒಂದು ಖಾತೆ ಇದೆ. ಅದರ ಹೆಸರು ಡ್ರಾಯಿಂಗ್ಸ್. ಅಂದರೆ ಮಾಲೀಕನು ಸ್ವಂತಕ್ಕಾಗಿ ತೆಗೆದುಕೊಂಡ ಹಣ.

ಮೊದಲು ಇತ್ಯರ್ಥವಾಗಬೇಕಾದುದು ಗಾಡಿ ಯಾವ ಉಪಯೋಗಕ್ಕೆ ಎಂಬುದು. ತೋಟದ ದಾರಿಯಲ್ಲಿ ದಿನವೂ ಮೂಟೆ ಹೊರಬೇಕಾದ ಜೀಪಿಗೆ ಬಣ್ಣಕ್ಕಿಂತ ಬ್ರೇಕು ಮುಖ್ಯ. ವಾರಕ್ಕೊಮ್ಮೆ ಮನೆಮಂದಿಯೊಡನೆ ಘಟ್ಟ ಹತ್ತುವ ಜೀಪಿಗೆ ಆಸನ, ಟಾಪು, ವೈರಿಂಗ್ ಚೆನ್ನಾಗಿರಬೇಕು. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಆಗಬೇಕೆಂದರೆ ಅದು ಮೂರನೆಯ ದಾರಿ; ಒಂದೊಂದು ಮೂಲ ಬಿಡಿಭಾಗಕ್ಕೂ ತಿಂಗಳುಗಟ್ಟಲೆ ಕಾಯಬೇಕಾದ ಅತ್ಯಂತ ದುಬಾರಿ ದಾರಿ. ನಮ್ಮ ಹಿರಿಯ ಪಾಲುದಾರರು ಮೂರೂ ಬೇಕೆಂದಿದ್ದರು, ಅದೂ ಎರಡೂವರೆ ಲಕ್ಷದಲ್ಲಿ. ಬರಿಯ ಕೆಲಸಕ್ಕಾಗಿಯೇ ಗಾಡಿ ಬೇಕೆನ್ನುವವರು, ಈ ಮೊತ್ತಕ್ಕೆ ಬಳಸಿದ ಹೊಸ ಕಾಲದ ಫೋರ್ ವೀಲ್ ವಾಹನವೊಂದು ಸಿಗುವುದೇ ಎಂದು ಪೇಟೆಯಲ್ಲಿ ವಿಚಾರಿಸಿ ಬರುವುದು ಉತ್ತಮ. ಹಾಗೆ ಹೋಲಿಸಿ ನೋಡಿದ ಮೇಲೂ ಹಳೆಯದನ್ನೇ ಕಟ್ಟಿಸುವೆನೆಂದರೆ ನನ್ನ ಆಕ್ಷೇಪಣೆ ಏನೂ ಇಲ್ಲ. ಕಾರಣ ವ್ಯಾಪಾರದ್ದಲ್ಲ, ಮನಸ್ಸಿನದ್ದು ಎಂದು ಒಪ್ಪಿಕೊಂಡರೆ ಸಾಕು.

ಎರಡನೆಯದು ಕಾಗದಪತ್ರ. ಸ್ಪ್ಯಾನರ್ ಹಿಡಿಯುವ ಮೊದಲು ಆರ್.ಸಿ. ಪುಸ್ತಕವನ್ನು ಹಿಡಿಯತಕ್ಕದ್ದು. ನಾನು ಕಂಡಂತೆ ಜನರು ಬಹುವಾಗಿ ಎಡವುವುದು ಇಲ್ಲಿಯೇ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಮಿನಂತೆ ಸ್ವಂತ ಬಳಕೆಯ ವಾಹನದ ನೋಂದಣಿಗೆ 15 ವರ್ಷಗಳ ಆಯುಷ್ಯ, ಅಲ್ಲಿಂದ ಮುಂದೆ ಪ್ರತಿ ಸಲವೂ 5 ವರ್ಷಗಳ ನವೀಕರಣ. ಮೇಲೆ ಹೇಳಿದ ಜೀಪಿನ ನೋಂದಣಿಯನ್ನು ತಂದೆಯವರೇ ಕಾಲಕಾಲಕ್ಕೆ ನವೀಕರಿಸಿಕೊಂಡು ಬಂದಿದ್ದು, ಕೊನೆಯ ನವೀಕರಣ 2019ರದ್ದು. ಅದರ ಅವಧಿ 2024ರಲ್ಲಿ ಮುಗಿಯಿತು. ಆ ವೇಳೆಗೆ ಜೀಪು ಶೆಡ್ಡಿನಲ್ಲಿ ತುಂಡುತುಂಡಾಗಿ ಬಿದ್ದಿತ್ತು. ನವೀಕರಣಕ್ಕೆ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ಗೋಣಿಚೀಲದಲ್ಲಿರುವ ಗೇರ್‌ಬಾಕ್ಸನ್ನು ಇನ್‌ಸ್ಪೆಕ್ಟರರ ಮುಂದೆ ಹಾಜರುಪಡಿಸಲಾಗುವುದಿಲ್ಲ. ತಡವಾದ ಪ್ರತಿ ತಿಂಗಳಿಗೂ 500 ರೂಪಾಯಿ ಹೆಚ್ಚುವರಿ ಶುಲ್ಕವಿದೆ. ಹಳೆಯ ಕಾರು ಜೀಪುಗಳ ನವೀಕರಣ ಶುಲ್ಕವು 2022ರ ಏಪ್ರಿಲ್ ತಿಂಗಳಿನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್ ತಿಂಗಳಿನ ತಿದ್ದುಪಡಿಯಲ್ಲಿ 20 ವರ್ಷ ಮೀರಿದ ಲಘು ವಾಹನಗಳಿಗೆ ಅದನ್ನು 10,000 ರೂಪಾಯಿ ಮಾಡಲಾಯಿತು. ಇದಲ್ಲದೆ ರಾಜ್ಯದ ಹಸಿರು ತೆರಿಗೆ ಬೇರೆ. ಅವಧಿ ಮುಗಿಯಲು 60 ದಿನಗಳಿರುವಾಗಲೇ ಅರ್ಜಿ ಹಾಕಿಕೊಳ್ಳಲು ಅವಕಾಶವಿದೆ. ಆದ್ದರಿಂದ ಅವಧಿ ಹತ್ತಿರವಿದ್ದರೆ ಮೊದಲು ನವೀಕರಣ, ಆಮೇಲೆ ಬಿಚ್ಚುವ ಮಾತು.

ಈ ಪ್ರಕರಣದಲ್ಲಿ ಇನ್ನೂ ಒಂದು ತೊಡಕಿತ್ತು. ಆರ್.ಸಿ. ಪುಸ್ತಕ ಇನ್ನೂ ದಿವಂಗತ ತಂದೆಯವರ ಹೆಸರಿನಲ್ಲಿಯೇ ಇತ್ತು. ಮಾಲೀಕರು ತೀರಿಕೊಂಡಲ್ಲಿ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆ ಕೋರಬೇಕು. ಜಮೀನಿನ ಖಾತೆ ಬದಲಾವಣೆಗೆ ತಹಸೀಲ್ದಾರರ ಕಛೇರಿಯನ್ನು ಹತ್ತು ಸಲ ಸುತ್ತುವ ನಾವು ವಾಹನದ ವಿಷಯದಲ್ಲಿ ಸುಮ್ಮನಿರುತ್ತೇವೆ. ಫಲವಾಗಿ, ಯಾರ ಹೆಸರಿನಲ್ಲಿಯೂ ಇಲ್ಲದ, ಸಂಸ್ಥೆಯ ಆಸ್ತಿಪಟ್ಟಿಯಲ್ಲಿಯೂ ಇಲ್ಲದ, ನೋಂದಣಿಯ ಅವಧಿಯೂ ಮುಗಿದ ವಸ್ತುವೊಂದಕ್ಕೆ ಸಂಸ್ಥೆಯ ಹಣ 4,38,600 ರೂಪಾಯಿ ಸಂದಾಯವಾಗಿತ್ತು.

ಇನ್ನು ಎಂಜಿನ್ನಿನ ವಿಚಾರ. ಎಂ.ಎಂ. 540ಗೆ ಬರುತ್ತಿದ್ದುದು ಪ್ಯೂಜೊ ವಿನ್ಯಾಸದ 2,112 ಸಿ.ಸಿ. ಡೀಸೆಲ್ ಎಂಜಿನ್. ಬಿಡಿಭಾಗ ಹುಡುಕುವ ತಾಪತ್ರಯವೇಕೆಂದು ಮೇಸ್ತ್ರಿಗಳು ಗುಜರಿಯಿಂದ ಬೇರೊಂದು ದೊಡ್ಡ ಎಂಜಿನ್ ತಂದು ಕೂರಿಸಲು ಸಲಹೆ ಕೊಟ್ಟಿದ್ದರು. ಅದಕ್ಕೆ 60,000 ರೂಪಾಯಿ ಮುಂಗಡವೂ ಹೋಗಿತ್ತು, ಬಿಲ್ಲು ಇರಲಿಲ್ಲ. ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಖಚಿತವಾಗಿ ಹೇಳಿದೆ. ಹರಿಯಾಣದ ಡಬ್ವಾಲಿಯ ಕಡೆ ಸಿದ್ಧವಾಗುವ ಅಗಲ ಟೈರಿನ, ಎತ್ತರದ ಜೀಪುಗಳ ಚಿತ್ರ ತೋರಿಸಿ ನನಗೂ ಹೀಗೆಯೇ ಬೇಕೆನ್ನುವ ಯುವ ಸದಸ್ಯರು ಈ ತೀರ್ಪನ್ನು ಒಮ್ಮೆ ಓದಿಕೊಳ್ಳುವುದು ಒಳಿತು. ಎಂಜಿನ್ ಬದಲಿಸಲೇಬೇಕಾದಲ್ಲಿ ಅದೇ ಮಾದರಿಯದನ್ನು, ಮಾರಿದವರ ಬಿಲ್ಲು ಮತ್ತು ಮೂಲ ದಾಖಲೆಗಳೊಡನೆ ಕೊಂಡು, ಆರ್.ಟಿ.ಓ. ಕಛೇರಿಯ ಅನುಮತಿ ಪಡೆದು ಹೊಸ ಎಂಜಿನ್ ನಂಬರನ್ನು ಆರ್.ಸಿ.ಯಲ್ಲಿ ನಮೂದಿಸಿಕೊಳ್ಳಬೇಕು. ಬಣ್ಣ ಬದಲಿಸಿದರೂ ನಮೂದು ಬೇಕು. ಚಾಸಿಗೆ ಮರಳು ಹೊಡೆಸುವ ಮುನ್ನ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್‌ನಿಂದ ಅಚ್ಚು ತೆಗೆದು ಕಡತದಲ್ಲಿ ಇಟ್ಟುಕೊಳ್ಳಿರಿ. ಆ ಅಂಕಿಗಳು ತುಕ್ಕಿನೊಡನೆಯೋ ವೆಲ್ಡಿಂಗಿನ ಅಡಿಯಲ್ಲಿಯೋ ಅಳಿಸಿಹೋದರೆ ಉಳಿಯುವುದು ಜೀಪಲ್ಲ, ಬರಿಯ ಕಬ್ಬಿಣ.

ಐವತ್ತು ವರ್ಷ ದಾಟಿದ ವಿಲ್ಲೀಸ್ ಮಾದರಿಯ ಜೀಪುಗಳನ್ನು ಇಟ್ಟುಕೊಂಡ ಸದಸ್ಯರು 2021ರ ವಿಂಟೇಜ್ ವಾಹನ ನಿಯಮಗಳ ಬಗ್ಗೆ ಕೇಳುತ್ತಾರೆ. 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ನೋಂದಣಿ, ಪ್ರತ್ಯೇಕ ನಂಬರು, ಇವೆಲ್ಲ ಕೇಳಲು ಚೆನ್ನ. ಆದರೆ ಆ ನೋಂದಣಿ ಪಡೆದ ವಾಹನವನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ನಿರ್ವಹಣೆ ಮುಂತಾದವಕ್ಕೆ ಮಾತ್ರ. ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಲೂ ಕೂಡದು. ತೋಟದಲ್ಲಿ ಇಂದಿಗೂ ದುಡಿಯುವ 1970ರ ಜೀಪಿಗೆ ಈ ನಿಯಮ ಹೊಂದುವುದಿಲ್ಲ. ಶೋಕಿಯ ಕಾರುಗಳನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮವೆಂದು ನನಗೆ ತೋರುತ್ತದೆ. ದುಡಿಯುವ ಹಳೆಯ ವಾಹನಗಳಿಗೆ ಪ್ರತ್ಯೇಕ ವರ್ಗವೊಂದು ಬೇಕೆಂದು ನಮ್ಮ ಸಂಸ್ಥೆಯು ಸಾರಿಗೆ ಇಲಾಖೆಗೆ ಮನವಿ ಸಲ್ಲಿಸಿದರೆ ಅದು ಅನುಚಿತವಾಗಲಾರದು.

ಕಾಗದಪತ್ರ ಸರಿಯಿದ್ದಲ್ಲಿ ಅಂದಾಜುಪಟ್ಟಿ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಎರಡು ದಶಕಗಳಿಂದ ಗ್ಯಾರೇಜು, ಲೇತು ಕಾರ್ಖಾನೆಗಳ ಲೆಕ್ಕ ನೋಡುತ್ತ, ಅಲ್ಲಿಯ ಬೆಂಚಿನ ಮೇಲೆ ಕುಳಿತು ಚಹ ಕುಡಿಯುತ್ತ ಕಲಿತದ್ದನ್ನು ಹೇಳುತ್ತೇನೆ. ಬಿಚ್ಚಿ ನೋಡದೆ ಕೊಟ್ಟ ಅಂದಾಜು ಅಂದಾಜೇ ಅಲ್ಲ. ಆದ್ದರಿಂದ ಮೊದಲ ಒಪ್ಪಂದವು ಬಿಚ್ಚಿ, ತೊಳೆದು, ಅಳೆದು, ವರದಿ ಕೊಡುವುದಕ್ಕಷ್ಟೇ ಇರಲಿ. ಅದಕ್ಕೆ ಪ್ರತ್ಯೇಕ ಕೂಲಿ ಕೊಡಿ. ವರದಿ ನೋಡಿ ಮುಂದುವರಿಯದಿರಲು ನಿಶ್ಚಯಿಸಿದರೆ ನಷ್ಟ ಆ ಕೂಲಿಯಷ್ಟೇ. ಚಾಸಿಯನ್ನು ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಎರಡೂ ಕಡೆ ಅಳೆದಾಗ ಅಳತೆ ಸಮನಾಗದಿದ್ದರೆ ಚಾಸಿ ತಿರುಚಿದೆ ಎಂದರ್ಥ. ಆಗ ಬಾಡಿಗೆ, ಬಣ್ಣಕ್ಕೆ ಹಾಕುವ ಹಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎಂಜಿನ್ನಿನ ಬೋರು ಎಷ್ಟು ಸವೆದಿದೆ, ಹಿಂದೆ ಎಷ್ಟು ಓವರ್‌ಸೈಜ್ ಮಾಡಿಸಲಾಗಿದೆ, ಕ್ರ್ಯಾಂಕನ್ನು ಇನ್ನೊಮ್ಮೆ ಗ್ರೈಂಡ್ ಮಾಡಲು ಲೋಹ ಉಳಿದಿದೆಯೇ, ಹೆಡ್ಡಿನಲ್ಲಿ ಬಿರುಕಿದೆಯೇ, ಇವೆಲ್ಲ ಅಂಕಿಗಳಾಗಿ ಕಾಗದದ ಮೇಲೆ ಬರಬೇಕು.

ನಮ್ಮ ಜನ ಮಾಡುವ ದೊಡ್ಡ ತಪ್ಪೆಂದರೆ ಕಣ್ಣಿಗೆ ಕಾಣುವುದರಿಂದ ಪ್ರಾರಂಭಿಸುವುದು. ಬಾಡಿಗೆ ಬಣ್ಣ ಮೊದಲು, ಉಳಿದದ್ದು ಆಮೇಲೆ. ಕೆಲಸ ನಡೆಯಬೇಕಾದುದು ಕೆಳಗಿನಿಂದ ಮೇಲಕ್ಕೆ. ಚಾಸಿಯ ತುಕ್ಕು ತೆಗೆದು, ಬಿರುಕು ಬೆಸೆದು, ಪ್ರೈಮರ್ ಹೊಡೆದು, ಸ್ಪ್ರಿಂಗ್ ಪ್ಲೇಟು, ಬುಷ್ಷು, ಆಕ್ಸಲ್, ಬ್ರೇಕು, ಸ್ಟೀರಿಂಗ್ ಕೂರಿಸಿದರೆ ಅದು ತನ್ನ ನಾಲ್ಕು ಚಕ್ರಗಳ ಮೇಲೆ ನಿಂತು ತಳ್ಳಿದರೆ ಉರುಳುತ್ತದೆ. ಇದು ಮೊದಲನೆಯ ಘಟ್ಟ, ಮತ್ತು ಹಣ ಮುಗಿದರೆ ನಿಲ್ಲಿಸಬಹುದಾದ ಜಾಗ. ಮುಂದೆ ಗೇರ್‌ಬಾಕ್ಸು ಹಾಗೂ ಟ್ರಾನ್ಸ್‌ಫರ್ ಕೇಸು, ನಂತರ ಎಂಜಿನ್, ಅನಂತರ ಬಣ್ಣವಿಲ್ಲದ ಬಾಡಿಯನ್ನು ಒಮ್ಮೆ ಕೂರಿಸಿ ನೋಡುವುದು, ವೈರಿಂಗ್, ಕೊನೆಗೆ ಬಣ್ಣ. ಎಂಜಿನ್ನನ್ನು ಮೊದಲೇ ಕಟ್ಟಿಸಿ ಮೂಲೆಯಲ್ಲಿಟ್ಟವರೂ ಇದ್ದಾರೆ. ಮಲೆನಾಡಿನ ಒಂದು ಮಳೆಗಾಲದ ತೇವದಲ್ಲಿ ಓಡದ ಎಂಜಿನ್ನಿನ ಹೊಸ ಬೋರು ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಿಲ್ಲ, ಅಷ್ಟರಲ್ಲಿ ಬೋರಿಂಗ್‌ನವರು ಕೊಟ್ಟ ಬಾಯಿಮಾತಿನ ಗ್ಯಾರಂಟಿಯೂ ಮುಗಿದಿರುತ್ತದೆ. ವ್ಯಾಪಾರಿಗಳ ಭಾಷೆಯಲ್ಲಿ ಹೇಳುವುದಾದರೆ, ಮೂರನೆಯ ಹಂತಕ್ಕೆ ಬೇಕಾದ ಸರಕನ್ನು ಮೊದಲನೆಯ ಹಂತದಲ್ಲಿಯೇ ಖರೀದಿಸಿ ಗೋದಾಮಿನಲ್ಲಿ ಕೊಳೆಸಿದಂತೆ.

ಸಣ್ಣ ಸಂಗತಿಯೊಂದು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಒಂದು ಉದಾಹರಣೆ. ಈ ಹಳೆಯ ಜೀಪುಗಳಲ್ಲಿ ಫೋರ್ ವೀಲ್ ಹಾಕಿದೊಡನೆ ಮುಂದಿನ, ಹಿಂದಿನ ಎರಡೂ ಆಕ್ಸಲ್‌ಗಳ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗತಕ್ಕದ್ದು. ನಡುವೆ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ಆದುದರಿಂದ ಎರಡೂ ಕಡೆಯ ಕ್ರೌನ್ ಪಿನಿಯನ್‌ಗಳ ಹಲ್ಲಿನ ಲೆಕ್ಕ ಒಂದೇ ಇರಬೇಕು. ಗುಜರಿಯಿಂದ ತಂದ ಹಿಂದಿನ ಆಕ್ಸಲಿನಲ್ಲಿ ಕ್ರೌನಿಗೆ 39, ಪಿನಿಯನ್ನಿಗೆ 8 ಹಲ್ಲುಗಳಿದ್ದು, ಮುಂದಿನದರಲ್ಲಿ 43ಕ್ಕೆ 8 ಇದ್ದರೆ, ಪೇಟೆಯ ರಸ್ತೆಯಲ್ಲಿ ಏನೂ ತಿಳಿಯದು. ಕೆಸರಿನಲ್ಲಿ ಫೋರ್ ವೀಲ್ ಹಾಕಿದ ದಿನ ಎರಡೂ ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸಿನ ಹಲ್ಲು ಮುರಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೇ ಆಗಲಿ, ಗುಜರಿಯಲ್ಲಿಯೇ ಆಗಲಿ, ಹಣ ಕೊಡುವ ಮೊದಲು ಹಲ್ಲು ಎಣಿಸಲು ಐದು ನಿಮಿಷ ಸಾಕು. ಹಾಗೆಯೇ, ಬಿಚ್ಚುವಾಗ ಪ್ರತಿಯೊಂದು ಭಾಗದ ಫೋಟೋ ತೆಗೆದು, ಅದರ ಬೋಲ್ಟುಗಳನ್ನು ಬೇರೆ ಬೇರೆ ಚೀಲದಲ್ಲಿ ಚೀಟಿ ಸಹಿತ ಇಡಿಸಿರಿ. ಮೇಸ್ತ್ರಿ ಬದಲಾದರೂ ಕೆಲಸ ಮುಂದುವರಿಯಬೇಕಾದರೆ ಇದು ಬೇಕೇ ಬೇಕು.

ಮೊತ್ತದ ವಿಷಯದಲ್ಲಿ ನಾನು ಅನುಸರಿಸುವ ರೂಢಿ ಹೀಗಿದೆ. ಬಿಚ್ಚುವ ಮೊದಲಿನ ಅಂದಾಜಿಗೆ ಶೇಕಡ 30, ಬಿಚ್ಚಿ ವರದಿ ಬಂದ ಮೇಲಿನ ಅಂದಾಜಿಗೆ ಶೇಕಡ 15 ಅನಿರೀಕ್ಷಿತ ವೆಚ್ಚವೆಂದು ಸೇರಿಸುವುದು. ಇದು ಶಾಸ್ತ್ರವಲ್ಲ, ಅನುಭವ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇಕಡ 18ಕ್ಕೆ ಇಳಿದಿರುವುದರಿಂದ, ಶೇಕಡ 28ರ ಕಾಲದ ಹಳೆಯ ಕೊಟೇಶನ್ ಇಟ್ಟುಕೊಂಡವರು ಅದನ್ನು ತಿದ್ದಿಸಿಕೊಳ್ಳಲಿ. ಹೂಡುವಳಿ ತೆರಿಗೆ ಜಮೆ ಸಿಗುವುದೆಂದು ಮಾತ್ರ ಎಣಿಸಬೇಡಿ. ಚಾಲಕನೂ ಸೇರಿ 13 ಜನರವರೆಗಿನ ಪ್ರಯಾಣಿಕ ವಾಹನಗಳಿಗೂ ಅವುಗಳ ದುರಸ್ತಿಗೂ, ಕೆಲವು ವಿಶೇಷ ವ್ಯವಹಾರಗಳನ್ನು ಬಿಟ್ಟರೆ, 17ನೇ ಕಲಂ ಅದನ್ನು ತಡೆಹಿಡಿದಿದೆ.

ಜೀಪು ನಿಜವಾಗಿಯೂ ಸಂಸ್ಥೆಯ ಆಸ್ತಿಯಾಗಿದ್ದು ವ್ಯಾಪಾರಕ್ಕೆ ಬಳಕೆಯಾಗುತ್ತಿದ್ದರೂ, ಪೂರ್ಣ ಪುನರ್ನಿರ್ಮಾಣದ ಖರ್ಚನ್ನು ಆ ವರ್ಷದ ದುರಸ್ತಿಯೆಂದು ಕಳೆಯಲಾಗದು. 1961ರ ಆದಾಯ ತೆರಿಗೆ ಕಾಯ್ದೆಯ 31ನೇ ಕಲಂ ಒಪ್ಪುವುದು ಚಾಲ್ತಿ ದುರಸ್ತಿಯನ್ನು ಮಾತ್ರ, ಬಂಡವಾಳ ಸ್ವರೂಪದ ವೆಚ್ಚವನ್ನಲ್ಲ. 1997ರ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಚಿತ್ರಮಂದಿರವೊಂದಕ್ಕೆ ಹೊಸ ಯಂತ್ರ, ಹೊಸ ಪೀಠೋಪಕರಣ, ಹೊಸ ವೈರಿಂಗ್ ಹಾಕಿಸಿ, ಕಟ್ಟಡವನ್ನೂ ವ್ಯಾಪಕವಾಗಿ ಸರಿಪಡಿಸಿದ ಖರ್ಚು ಚಾಲ್ತಿ ದುರಸ್ತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಚಾಸಿಯಿಂದ ಬಣ್ಣದವರೆಗೆ ಕಟ್ಟಿಸಿದ ಜೀಪಿಗೂ ಇದೇ ನ್ಯಾಯ. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಹೊಂದಿರುವ 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ತತ್ತ್ವ ಬದಲಾಗಿಲ್ಲ. ಖರ್ಚನ್ನು ಆಸ್ತಿಯ ಬೆಲೆಗೆ ಸೇರಿಸಿ, ಗಾಡಿ ಬಳಕೆಗೆ ಬಂದ ಮೇಲೆ ಶೇಕಡ 15ರ ಸವಕಳಿ ಪಡೆಯುವುದೇ ಮಾರ್ಗ. ಮನೆಮಂದಿಯ ಓಡಾಟವೂ ಇದ್ದಲ್ಲಿ ಅದರ ಪಾಲನ್ನು ಬಿಟ್ಟುಕೊಡಬೇಕಾಗುತ್ತದೆ. ಇನ್ನು, ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗೆ ಮೀರಿ ನಗದು ಕೊಟ್ಟರೆ ಖರ್ಚೂ ಸಿಗದು, ಬಂಡವಾಳವಾಗಿಸಿದರೆ ಆ ಮೊತ್ತಕ್ಕೆ ಸವಕಳಿಯೂ ಸಿಗದು. ಮೇಸ್ತ್ರಿಗಳು ನಗದನ್ನೇ ಕೇಳುತ್ತಾರೆಂಬ ಸಬೂಬು ಅಧಿಕಾರಿಗಳ ಮುಂದೆ ನಡೆಯುವುದಿಲ್ಲ.

ವಿಮೆಯ ಬಗ್ಗೆ ಒಂದು ಮಾತು. ಐದು ವರ್ಷ ದಾಟಿದ ವಾಹನದ ವಿಮಾ ಮೌಲ್ಯವು ಕಂಪನಿ ಮತ್ತು ಮಾಲೀಕರ ನಡುವಿನ ಒಪ್ಪಂದದ ಮೇಲೆ ನಿಲ್ಲುತ್ತದೆ. ಬಿಲ್ಲುಗಳು, ಫೋಟೋಗಳು ಕ್ರಮವಾಗಿದ್ದರೆ ಮಾತ್ರ ಕಟ್ಟಿಸಿದ ಮೊತ್ತಕ್ಕೆ ಹತ್ತಿರವಾದ ಮೌಲ್ಯವನ್ನು ಕೇಳಲು ಬಾಯಿ ಬರುತ್ತದೆ.

ಗ್ಯಾರೇಜು, ಟಿಂಕರಿಂಗ್, ಬೋರಿಂಗ್ ಕೆಲಸದ ಸದಸ್ಯರು ಇದುವರೆಗೆ ಓದಿ, ಈ ಆಡಿಟರು ಗಿರಾಕಿಗಳ ಪರವೆಂದು ಭಾವಿಸಬಾರದು. ಗಿರಾಕಿಗಳು ಮಾಡುವ ಅನ್ಯಾಯವೂ ನನಗೆ ಗೊತ್ತು. ಗಾಡಿ ತಂದು ಬಿಡುತ್ತಾರೆ, ಅರ್ಧದಲ್ಲಿ ಮನಸ್ಸು ಬದಲಿಸುತ್ತಾರೆ, ಆರು ತಿಂಗಳು ಮುಖ ತೋರಿಸುವುದಿಲ್ಲ, ಶೆಡ್ಡಿನ ಜಾಗಕ್ಕೆ ಬಾಡಿಗೆ ಕೊಡುವುದಿಲ್ಲ. ಆದರೆ "ನೋಡಿ ಹೇಳೋಣ ಸ್ವಾಮಿ" ಎಂಬ ಒಂದು ವಾಕ್ಯದ ಮೇಲೆ ಲಕ್ಷಗಟ್ಟಲೆ ಕೆಲಸ ಹಿಡಿಯುವುದರಿಂದ ಹೆಚ್ಚು ಕಳೆದುಕೊಳ್ಳುವವರು ತಾವೇ. ನಾನು ಲೆಕ್ಕ ನೋಡುವ ಗ್ಯಾರೇಜೊಂದರಲ್ಲಿ ಅರ್ಧಕ್ಕೆ ನಿಂತ ಗಾಡಿಗಳಲ್ಲಿ ಸಿಕ್ಕಿಕೊಂಡ ಹಣ, ಆ ಗ್ಯಾರೇಜಿನ ಒಂದು ವರ್ಷದ ನಿವ್ವಳ ಲಾಭಕ್ಕಿಂತ ಹೆಚ್ಚಿತ್ತು. ಒಂದು ಹಾಳೆಯ ಕೆಲಸದ ಒಪ್ಪಂದ ಸಾಕು: ಹಂತಗಳು, ಪ್ರತಿ ಹಂತದ ಕೂಲಿ, ಬಿಡಿಭಾಗ ಯಾರು ತರಬೇಕು, ಹಳೆಯ ಬಿಡಿಭಾಗ ಯಾರಿಗೆ, ಒಂದು ಹಂತದ ಹಣ ಸಂದಾಯವಾಗದೆ ಮುಂದಿನದು ಆರಂಭವಿಲ್ಲ, ಇಷ್ಟು ದಿನ ಮೀರಿದರೆ ದಿನಕ್ಕಿಷ್ಟು ಜಾಗದ ಬಾಡಿಗೆ. ಕನ್ನಡದಲ್ಲಿ ಇಂತಹ ಮಾದರಿ ನಮೂನೆಯನ್ನು ನಮ್ಮ ಸಂಸ್ಥೆಯ ಕಛೇರಿಯೇ ಅಚ್ಚು ಹಾಕಿಸಿ ಸದಸ್ಯರಿಗೆ ಕೊಡಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿ. ಕರಡನ್ನು ಸಿದ್ಧಪಡಿಸಿಕೊಡಲು ನಾನು ಸಿದ್ಧನಿದ್ದೇನೆ.

ಅಣ್ಣತಮ್ಮಂದಿರ ವಿಷಯಕ್ಕೆ ಬಂದರೆ, ಎರಡು ಸಂಜೆ ನನ್ನ ಕಛೇರಿಯಲ್ಲಿ ಕುಳಿತು ಮಾತನಾಡಿದ ಮೇಲೆ 4,38,600 ರೂಪಾಯಿಯನ್ನು ದುರಸ್ತಿ ಖಾತೆಯಿಂದ ತೆಗೆದು ಹಿರಿಯರ ಡ್ರಾಯಿಂಗ್ಸ್ ಖಾತೆಗೆ ಹಾಕಲಾಯಿತು. ಇಬ್ಬರೂ ವಾರಸುದಾರರು ಸಹಿ ಹಾಕಿ ನಮೂನೆ 31 ಸಲ್ಲಿಸಿದ್ದಾರೆ. ಜೀಪು ಅಣ್ಣನ ಹೆಸರಿಗೆ. ಗುಜರಿಯ ಎಂಜಿನ್ನಿಗೆ ಕೊಟ್ಟ ಮುಂಗಡದಲ್ಲಿ 35,000 ರೂಪಾಯಿ ಮರಳಿ ಬಂದಿದ್ದು, ಉಳಿದದ್ದು ಹೋಯಿತೆಂದೇ ಲೆಕ್ಕ. ಹೊಸ ಮೇಸ್ತ್ರಿಗಳು ಚಾಸಿ ಅಳೆದು ನೋಡಿ ನೆಟ್ಟಗಿದೆ ಎಂದು ಬರೆದುಕೊಟ್ಟಿದ್ದಾರೆ. ಹಳೆಯ ಪ್ಯೂಜೊ ಎಂಜಿನ್ನನ್ನೇ ಕಟ್ಟಲು ಸಾಧ್ಯವಿದೆಯಂತೆ. ಬಣ್ಣ ಹೊಡೆದಿಟ್ಟ ಬಾಡಿ ಮಾತ್ರ ಚಾಸಿಯ ಮೇಲೆ ಕೂರಿಸಿದಾಗ ಮುಕ್ಕಾಲು ಅಂಗುಲ ಹೊಂದದೆ, ಎರಡು ಕಡೆ ಮತ್ತೆ ಕತ್ತರಿಸಿ ಬೆಸೆಯಬೇಕಾಗಿದೆ. ಮೊದಲನೆಯ ಹಂತದ ಅಂದಾಜು 1,12,000 ರೂಪಾಯಿ. ಚೆಕ್ಕಿನಲ್ಲಿ, ಅಣ್ಣನ ಸ್ವಂತ ಖಾತೆಯಿಂದ. ಮೊನ್ನೆ ತಮ್ಮ ಫೋನು ಮಾಡಿ, ತಂದೆಯವರು ಇಟ್ಟಿದ್ದ ಹಳೆಯ ಟೂಲ್ ಬಾಕ್ಸು ಅಟ್ಟದ ಮೇಲೆ ಸಿಕ್ಕಿದೆಯೆಂದೂ ಅದನ್ನು ಅಣ್ಣಯ್ಯನಿಗೆ ಕೊಟ್ಟರೆ ಲೆಕ್ಕದಲ್ಲಿ ಎಲ್ಲಿ ತೋರಿಸಬೇಕೆಂದೂ ಕೇಳಿದರು. ಎಲ್ಲಿಯೂ ತೋರಿಸಬೇಕಾಗಿಲ್ಲ ಎಂದೆ.